ದ್ವೀಪದ ಬಾವಿ ಪಕ್ಕದ ಗೋರಿ ಹೆಣ್ಣುಮಗುವಿನದು

ದ್ವೀಪದ ಐತಿಹಾಸಿಕ ಹಕ್ಕು ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ತಮ್ಮ ಸಮಿತಿ ಹೊರತಂದ ದಪ್ಪ ಪುಸ್ತಕದ ನೂರಾ ಹನ್ನೆರಡನೇ ಪುಟದಲ್ಲಿ ತಾವು ನನ್ನ ಅತ್ತೆಯವರ ಸತ್ತ ಮಗಳನ್ನು ಗಂಡುಮಗು ಮಾಡಿದ್ದೀರಿ. "ದ್ವೀಪದ ಸಿಹಿನೀರಿನ ಬಾವಿಯ ಬಳಿ ನಮ್ಮ ಪ್ರಜೆಯೊಬ್ಬರ ಪುರುಷ ಸಂತಾನದ ಸಮಾಧಿಯಿದ್ದು, ಇದು ನಮ್ಮ ವಂಶಪಾರಂಪರ್ಯ ನೆಲೆಗೆ ನಿರ್ವಿವಾದ ಸಾಕ್ಷ್ಯ" ಎಂದು ಅಚ್ಚಾಗಿದೆ. ಅರವತ್ತು ವರ್ಷಗಳ ಹಿಂದೆ, ಮೂರು ತುಂಬುವ ಹೊತ್ತಿಗೆ ಜ್ವರದಿಂದ ತೀರಿಕೊಂಡ ಹುಡುಗಿಗೆ ಇಷ್ಟು ತಡವಾಗಿ ಈ ಬಡ್ತಿ ಯಾಕೆ ಸಿಕ್ಕಿತೆಂದು ಕೇಳಲು ಈ ಪತ್ರ.

ನಾನು ತಮ್ಮ ಕಚೇರಿಯ ಎದುರು ಟೈಪಿಂಗ್ ಅಂಗಡಿ ನಡೆಸುವವಳು. ಜನ ಅಳುತ್ತಾ ಹೇಳಿದ್ದನ್ನು "ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ತಿದ್ದುವುದೇ ನನ್ನ ಹತ್ತೊಂಬತ್ತು ವರ್ಷಗಳ ಕಸುಬು. ಮಾತು ಕಾಗದಕ್ಕಿಳಿಯುವಾಗ ತುಸು ಬಣ್ಣ ಬದಲಿಸುತ್ತದೆಂಬುದು ನನಗೂ ಗೊತ್ತು. ಆದರೆ ಹೆಣ್ಣನ್ನು ಗಂಡು ಮಾಡುವಷ್ಟು ವಿದ್ವತ್ತು ನನಗೆ ಇನ್ನೂ ಒಲಿದಿಲ್ಲ.

ತಮ್ಮ ಕಿರಿಯ ಇತಿಹಾಸಕಾರರು ನಮ್ಮ ಮನೆಗೆ ಮೂರು ಸಲ ಬಂದರು. ನನ್ನ ಗಂಡ ದೋಣಿ ಎಂಜಿನ್ ರಿಪೇರಿಯವರು. ಅವರು ಬಾಗಿಲಲ್ಲಿ ಬಿಚ್ಚಿ ಹರಡಿದ್ದ ಎಂಜಿನ್ನನ್ನು ಇತಿಹಾಸಕಾರರು ಪ್ಯಾಂಟಿಗೆ ಎಣ್ಣೆ ತಾಗದಂತೆ ದಾಟಿ ಬಂದು, ಅತ್ತೆಯ ಮಂಚದ ತುದಿಯಲ್ಲಿ ಕೂತು, ದಿಂಬಿನ ಮೇಲೆ ರೆಕಾರ್ಡರ್ ಇಟ್ಟು ಕೇಳಿದರು:

"ಅಜ್ಜಿ, ನೀವಿದ್ದಾಗ ದ್ವೀಪದಲ್ಲಿ ಯಾವ ದೇಶದ ಬಾವುಟ ಹಾರ್ತಿತ್ತು?"

"ಬಾವುಟಕ್ಕೆ ಬಟ್ಟೆ ಎಲ್ಲಿತ್ತಪ್ಪಾ? ಇದ್ದಬದ್ದ ಬಟ್ಟೆ ಮಗೂಗೆ ಸುತ್ತೋಕೇ ಸಾಲ್ತಿರಲಿಲ್ಲ."

ಈ ಮಾತು ತಮ್ಮ ಪುಸ್ತಕದಲ್ಲಿಲ್ಲ. ಅತ್ತೆ ಹೇಳಿದ ಇನ್ನೂ ಎಷ್ಟೋ ಸಂಗತಿಗಳಿಲ್ಲ. ಮದುವೆಯಾದ ವರ್ಷ ಅವರು ಗಂಡನ ಜೊತೆ ಮೀನು ಒಣಗಿಸಲು ದ್ವೀಪಕ್ಕೆ ಹೋದವರು. ಎಂಟು ವರ್ಷ ಅಲ್ಲೇ ಇದ್ದರು. ಆಚೆ ದಡದ ದೇಶದಿಂದ ಬಂದ ಇನ್ನೊಂದು ಸಂಸಾರವೂ ಅಲ್ಲಿತ್ತು. ಬಾವಿಯನ್ನು ಇಬ್ಬರು ಗಂಡಸರೂ ಸೇರಿ ತೋಡಿದರು. ಮಗು ತೀರಿಕೊಂಡ ದಿನ ಸಮುದ್ರ ಎದ್ದಿತ್ತು, ದೋಣಿ ಇಳಿಸುವಂತಿರಲಿಲ್ಲ. ಆಚೆ ದಡದ ಹೆಂಗಸೇ ಮಗುವಿಗೆ ಸ್ನಾನ ಮಾಡಿಸಿದಳು, ತನ್ನ ಮಗಳ ಹೊಸ ಹಸಿರು ಅಂಗಿ ತೊಡಿಸಿದಳು, ಮಣ್ಣು ಮಾಡುವಾಗ ಅತ್ತೆಯನ್ನು ತಬ್ಬಿ ಹಿಡಿದುಕೊಂಡಳು. ತಮ್ಮ ಪುಸ್ತಕದಲ್ಲಿ ಬಾವಿ "ನಮ್ಮವರು" ತೋಡಿದ್ದು. ಆ ಹೆಂಗಸು ಇಲ್ಲವೇ ಇಲ್ಲ. ಹಸಿರು ಅಂಗಿಯೂ ಇಲ್ಲ. ಸಾರ್ವಭೌಮತ್ವಕ್ಕೆ ಒಂದು ಅಂಗಿಯಿಂದ ಅಷ್ಟೊಂದು ಅಪಾಯವೇ, ಸ್ವಾಮಿ?

ಇಷ್ಟೆಲ್ಲ ಹೇಳಿದ ಮೇಲೆ ಅತ್ತೆ ಒಂದೇ ಒಂದು ಉಪಕಾರ ಕೇಳಿದರು.

"ಒಂದ್ಸಲ ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯೇನಪ್ಪಾ?"

"ಅದು ವಿವಾದದ ಜಾಗ ಅಜ್ಜಿ. ಯಾರೂ ಹೋಗೋ ಹಾಗಿಲ್ಲ."

"ನಮ್ಮದೇ ಅಂದ್ಯಲ್ಲ ಈಗ?"

"ನಮ್ಮದೇ."

"ಮತ್ತೆ?"

ಇತಿಹಾಸಕಾರರು ರೆಕಾರ್ಡರ್ ಆರಿಸಿದರು.

ಪುಸ್ತಕ ಬಿಡುಗಡೆಯ ಹಿಂದಿನ ದಿನ ಗೌರವಪ್ರತಿ ಮನೆಗೆ ಬಂತು. ಅತ್ತೆಗೆ ಓದು ಬಾರದು. ನಾನು ಓದಿ ಹೇಳಿದೆ. "ಪುರುಷ ಸಂತಾನ" ಅಂದರೇನೆಂದು ಕೇಳಿದರು. ಹೇಳಿದೆ. ಆ ದಿನ ಅವರು ಊಟ ಮಾಡಲಿಲ್ಲ. ಮರುದಿನ ಮಾತ್ರ ಇಸ್ತ್ರಿ ಸೀರೆ ಉಟ್ಟು, ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ಸಭಾಂಗಣದಲ್ಲಿ ಅವರನ್ನು "ದ್ವೀಪದ ಜೀವಂತ ಸಾಕ್ಷಿ" ಎಂದು ಕರೆದು ವೇದಿಕೆಯಲ್ಲಿ ಕೂರಿಸಿದ್ದು ತಾವೇ. ಎರಡು ಮಾತಾಡಿ ಎಂದು ಮೈಕ್ ಕೈಗಿತ್ತದ್ದೂ ತಾವೇ. ಅವರು ಎರಡೇ ಮಾತಾಡಿದರು: "ಸತ್ತಿದ್ದು ನನ್ನ ಮಗಳು, ಮಗ ಅಲ್ಲ. ಅವಳಿಗೆ ಅಂಗಿ ಕೊಟ್ಟೋಳು ಆಚೆ ದಡದೋಳು, ಅವಳನ್ನೂ ಪುಸ್ತಕದಲ್ಲಿ ಹಾಕಿ." ಮೈಕ್ ಸತ್ತಿತು. ನಿರೂಪಕರು ನಗುನಗುತ್ತಾ "ಅಜ್ಜಿಗೆ ವಯಸ್ಸಾಯ್ತು, ನೆನಪು ಕೈಕೊಡ್ತಿದೆ, ಜೋರಾಗಿ ಚಪ್ಪಾಳೆ!" ಅಂದರು. ತಾವೂ ತಟ್ಟಿದಿರಿ, ನಾನು ಮೂರನೇ ಸಾಲಿನಲ್ಲಿದ್ದೆ, ನೋಡಿದೆ. ಅತ್ತೆಯ ಮಾತನ್ನೇ ಆಧಾರ ಮಾಡಿಕೊಂಡ ತಮ್ಮ ಪುಸ್ತಕದ ಇಪ್ಪತ್ಮೂರು ಪುಟಗಳುದ್ದಕ್ಕೂ ಬಂಡೆಯಂತೆ ಗಟ್ಟಿಯಾಗಿದ್ದ ನೆನಪು ಎರಡು ವಾಕ್ಯಕ್ಕೆ ಹೇಗೆ ಕರಗಿಹೋಯಿತು? ನೆನಪು ಕೆಟ್ಟವರ ಮಾತು ನಂಬಿ ದ್ವೀಪ ಕೇಳುತ್ತಿದ್ದೀರೋ, ಅಥವಾ ನೆನಪು ಚೆನ್ನಾಗಿರುವವರನ್ನು ಸಭೆಯಲ್ಲಿ ಅರಳುಮರಳು ಅಂದಿರೋ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಎರಡೂ ಸಿಗುವುದಿಲ್ಲ.

ತಿದ್ದುಪಡಿ ಕೋರಿ ನಾಲ್ಕು ಅರ್ಜಿ ಕೊಟ್ಟೆ. "ಪರಿಶೀಲನೆಯಲ್ಲಿದೆ" ಎಂಬ ನಾಲ್ಕು ಉತ್ತರ ಬಂದವು.

ಕಳೆದ ವಾರ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿ ಬಂತು. ಆಚೆ ದಡದ ಸಮಿತಿಯೂ ಪುಸ್ತಕ ತಂದಿದೆ. ಬಾವಿ ಅವರದಂತೆ, ಗೋರಿಯೂ ಅವರದಂತೆ. ಅವರ ಅಧ್ಯಕ್ಷರೂ ತಮ್ಮಷ್ಟೇ ವಿದ್ವಾಂಸರಿರಬೇಕು. ಅತ್ತೆಗೆ ಓದಿ ಹೇಳಿದೆ, ರೇಗಾಡುತ್ತಾರೆ ಅಂದುಕೊಂಡು.

"ಹೆಣ್ಣುಮಗು ಅಂತಾನೇ ಹಾಕಿದ್ದಾರಾ?" ಅಂದರು.

"ಹೂಂ ಅತ್ತೆ. ಮೂರು ವರ್ಷದ ಹುಡುಗಿ, ಹಸಿರು ಅಂಗಿ ತೊಡಿಸಿ ಮಣ್ಣು ಮಾಡಿದ್ದು ಅಂತ ಇದೆ."

ಅತ್ತೆ ಪತ್ರಿಕೆ ಕಿತ್ತುಕೊಂಡು, ಓದು ಬಾರದ ಕಣ್ಣಲ್ಲೇ ಆ ಸಾಲುಗಳನ್ನು ಹುಡುಕಿದರು.

"ಅಂಗಿ ವಿಷಯ ಇನ್ಯಾರಿಗೆ ಗೊತ್ತು? ಅವಳು ಬದುಕಿದ್ದಾಳೆ ಕಣೇ!"

ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ಮದುವೆಯಾಗಿ ಬಂದಾಗಿನಿಂದ ನಾನು ಕೇಳಿರಲಿಲ್ಲ. ನನ್ನ ಗಂಡ ಸ್ಪ್ಯಾನರ್ ಹಿಡಿದುಕೊಂಡೇ ಒಳಗೆ ಓಡಿ ಬಂದರು.

ಆದ್ದರಿಂದ, ಮಾನ್ಯರೇ, ನೂರಾ ಹನ್ನೆರಡನೇ ಪುಟವನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿ. ಆಚೆಯ ಅಧ್ಯಕ್ಷರಿಗೆ ಪತ್ರ ಬರೆಯಿರಿ. ಜಗಳಕ್ಕೆ ಬರೆಯುವ ಅಭ್ಯಾಸ ಇದೆಯಲ್ಲ, ಅದೇ ವಿಳಾಸ. ಇಬ್ಬರು ಮುದುಕಿಯರಿಗೆ ಒಂದೇ ದಿನ, ಅರ್ಧ ದಿನದ ಮಟ್ಟಿಗೆ, ದ್ವೀಪಕ್ಕೆ ಹೋಗಲು ಅನುಮತಿ ಕೊಡಿಸಿ. ಸರ್ಕಾರಿ ಹಡಗು ಬೇಡ, ನನ್ನ ಗಂಡ ಒಂದು ದೋಣಿ ಸಿದ್ಧ ಮಾಡಿದ್ದಾರೆ. ದ್ವೀಪ ಯಾರದೆಂಬುದನ್ನು ತಾವು ಮರುದಿನದಿಂದ ಮುಂದುವರಿಸಬಹುದು. ಬೇಗ ಮಾಡಿ. ಅಲ್ಲಿ ಬರೀ ಚೂಪುಗಲ್ಲು ಎಂದು ಅತ್ತೆ ನಿನ್ನೆ ನನ್ನನ್ನು ಅಂಗಡಿಗೆ ಓಡಿಸಿ ಗಟ್ಟಿ ಚಪ್ಪಲಿ ತರಿಸಿಕೊಂಡಿದ್ದಾರೆ. ಈಗ ಅದನ್ನು ಹಾಕಿಕೊಂಡು ಮನೆಯೊಳಗೆ ನಡೆದು ರೂಢಿ ಮಾಡಿಕೊಳ್ಳುತ್ತಿದ್ದಾರೆ.

ಇಂತಿ,
"ದೊಡ್ಡವರು ಕೇಳ್ತಿದ್ದಾರೆ, ಎಲ್ಲಾ ಹೇಳಿಬಿಡಿ ಅತ್ತೆ" ಎಂದು ಒತ್ತಾಯಿಸಿದ
ತಪ್ಪಿತಸ್ಥ ಸೊಸೆ