ಬಾಣಂತಿಯ ಕಡಲಪಾಚಿ

ಗಿಜಾಂಗ್
ಏಪ್ರಿಲ್ ೯

ನನ್ನ ಮುದ್ದು ಮಿರಾನ್‌ಗೆ,

ಹಸಿ ಬಾಣಂತಿ ನೀನು, ಮೈ ಬೆಚ್ಚಗಿಟ್ಟುಕೊಂಡಿದ್ದೀಯಾ? ತಣ್ಣೀರು ಮುಟ್ಟಬೇಡ. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆಯೇ?

ಡೇಗುವಿನ ಆಸ್ಪತ್ರೆಯವರು ಕೊಟ್ಟ ಕಡಲಪಾಚಿಯ ಸಾರು ಬರೀ ನೀರು ಎಂದೆಯಲ್ಲ, ಅದು ಸಾಲದು. ರಕ್ತ ಕಳೆದುಕೊಂಡ ಮೈಗೆ ಅದರ ಕಬ್ಬಿಣ ಬೇಕು, ಹಾಲೂಡಿಸುವವಳ ಮೂಳೆಗೆ ಅದರ ಕ್ಯಾಲ್ಸಿಯಂ ಬೇಕು. ನಿನ್ನನ್ನು ಹೆತ್ತಾಗ ನಿನ್ನಜ್ಜಿ ಬೇಡವೆಂದರೂ ಬಿಡದೆ ಬಟ್ಟಲು ಬಟ್ಟಲು ಕುಡಿಸಿದ್ದಳು. ಅತಿಯಾದರೆ ಅಯೋಡಿನ್ ಹೆಚ್ಚಾಗಿ ಎಳೆಮಗುವಿಗೆ ತೊಂದರೆ ಎಂದು ನಿನ್ನ ಡಾಕ್ಟರು ಹೇಳಿದರಂತೆ. ಸರಿಯಮ್ಮ, ದಿನಕ್ಕೊಂದೇ ಬಟ್ಟಲು. ಆದರೆ ಅದು ನನ್ನ ಕೈಯದಾಗಿರಲಿ ಎಂದು ನನಗೆ ಆಸೆ.

ನೀನು ಫೋನಿನಲ್ಲಿ ಹೇಳಿದ್ದು ನೆನಪಿದೆ. "ನಂಗೆ ಮದ್ವೆ ಆಗಿಲ್ಲ ಅಂತ ನನ್ನ ಮಗೂನ ಮುಚ್ಚಿಡೋ ಅಜ್ಜಿ ನಂಗೆ ಬೇಡಮ್ಮ. ನಾಲ್ಕು ಜನಕ್ಕೆ ಹೇಳ್ಕೊಂಡು ಬರೋದಾದ್ರೆ ಬಾ." ನಾನು ದೊಡ್ಡದಾಗಿ, "ಆಯ್ತು ಕಣೇ, ಅದರಲ್ಲೇನು?" ಎಂದಿದ್ದೆ.

ಇವತ್ತು ಸಂತೆಗೆ ಹೋದೆ. ಪಾಚಿ ಮಾರುವ ಒಕ್ಬುನ್ ಅಕ್ಕನ ಅಂಗಡಿಯಲ್ಲಿ ನನ್ನಷ್ಟೇ ಎತ್ತರದ ಒಣಪಾಚಿ ಒಂದನ್ನು ಆರಿಸಿದೆ. "ಏನೇ ಬೊಕ್ಸಿಮ್, ಇಷ್ಟುದ್ದದ್ದು ಯಾರಿಗೇ? ಯಾರು ಹೆತ್ತಿರೋದು?" ಎಂದಳು ಅಕ್ಕ. ಪಕ್ಕದ ಮೀನಿನಂಗಡಿಯವಳು ಚಾಕು ಕೆಳಗಿಟ್ಟು ಇತ್ತ ತಿರುಗಿದಳು. ನನ್ನ ಹಾಳು ಬಾಯಿ! "ಅಯ್ಯೋ, ಯಾರೂ ಇಲ್ಲಕ್ಕಾ. ನನ್ನ ಹುಟ್ಟುಹಬ್ಬಕ್ಕೆ" ಎಂದುಬಿಟ್ಟೆ. ಹುಟ್ಟುಹಬ್ಬಕ್ಕೂ ಇದೇ ಸಾರು ಕುಡಿಯುತ್ತೇವಲ್ಲ, ಆ ನೆಪ ಬಾಯಿಗೆ ಬಂತು.

"ಹಾಗಾದ್ರೆ ಮುರಿದು ಚೀಲಕ್ಕೆ ಹಾಕ್ಲಾ?" ಎಂದು ಕೇಳಿ ಅಕ್ಕ ನನ್ನ ಮುಖವನ್ನೇ ನೋಡಿದಳು.

ಬಾಣಂತಿಗೆ ಒಯ್ಯುವ ಪಾಚಿಯನ್ನು ಮುರಿಯಬಾರದು, ಮಡಚಲೂಬಾರದು, ತಾಯಿಮಗುವಿಗೆ ಒಳ್ಳೆಯದಲ್ಲ ಎಂದು ನಿನಗೆ ಹೇಳಿಕೊಟ್ಟವಳೇ ನಾನು. ಆದರೂ ತಲೆಯಾಡಿಸಿದೆ ಮಿರಾನ್. ಅದು ಲಟಲಟನೆ ಮುರಿಯಿತು. ನಾನು ನೋಡುತ್ತಾ ನಿಂತಿದ್ದೆ.

ಆ ಚೀಲ ಈಗ ಅಡುಗೆಮನೆಯ ಮೂಲೆಯಲ್ಲಿದೆ. ಅತ್ತ ಕಣ್ಣು ಹಾಯಿಸಲೂ ನಾಚಿಕೆ. ಒಂದು ವಾರದ ಕೂಸನ್ನು ಅದರ ಅಜ್ಜಿಯೇ ಇಲ್ಲವೆಂದುಬಿಟ್ಟಳಲ್ಲ! ಥೂ, ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ. ಇದನ್ನು ಮುಚ್ಚಿಟ್ಟು ನಿನ್ನ ಮನೆಗೆ ಬರಲು ನನ್ನಿಂದಾಗದು. ಬೈಯಬೇಕೆನಿಸಿದರೆ ಬೈದುಬಿಡು, ಮಾತು ಮಾತ್ರ ಬಿಡಬೇಡ.

ಮುಖ ತೋರಿಸಲಾಗದ ನಿನ್ನ ಅಮ್ಮ,
ಬೊಕ್ಸಿಮ್

ತಾ.ಕ.: ನಿನ್ನೆ ರಾತ್ರಿ ಆ ಮುರುಕನ್ನು ನಾನೇ ಬೇಯಿಸಿ ಉಂಡೆ. ಬೆಳಗ್ಗೆ ಎದ್ದವಳೇ ಮತ್ತೆ ಅಂಗಡಿಗೆ ಹೋಗಿ, ಮೀನಿನವಳಿಗೂ ಕೇಳಿಸುವಂತೆ, "ಅಕ್ಕಾ, ನಮ್ಮ ಮಿರಾನ್ ಹೆತ್ತಿದ್ದಾಳೆ. ಮದ್ವೆ ಆಗಿಲ್ಲ. ಹೆಣ್ಣುಮಗು" ಎಂದೆ. ಒಕ್ಬುನ್ ಅಕ್ಕ, "ನಿನ್ನ ಹುಟ್ಟುಹಬ್ಬ ನವೆಂಬರ್‌ನಲ್ಲಿ ಅಂತ ನಂಗೆ ಗೊತ್ತಿಲ್ವೇನೇ? ಮುರಿಯೋ ಮುಂಚೆ ನಿನ್ನ ಮುಖ ನೋಡ್ದೆ. ಬೇಡ ಅಂತೀಯೇನೋ ಅಂತ ಕಾದೆ" ಎಂದಳು. ನಿಂತಲ್ಲೇ ಅತ್ತುಬಿಟ್ಟೆ. ಅಂಗಡಿಯಲ್ಲಿದ್ದುದರಲ್ಲೇ ಉದ್ದದ್ದನ್ನು ಹುಡುಕಿ, ಮಡಚದೆ, ಹುಲ್ಲಿನ ಹಗ್ಗ ಕಟ್ಟಿ ಕೊಟ್ಟಳು. ಶನಿವಾರ ಅದನ್ನು ನೆಟ್ಟಗೆ ಎತ್ತಿ ಹಿಡಿದು ಬಸ್ಸು ಹತ್ತುತ್ತೇನೆ. ನೋಡಿದವರಿಗೆಲ್ಲ ಗೊತ್ತಾಗಲಿ, ನನಗೆ ಮೊಮ್ಮಗಳು ಹುಟ್ಟಿದ್ದಾಳೆಂದು. ಬಾಗಿಲು ತೆಗೆಯುತ್ತೀಯಲ್ಲವೇ?