ಕೋಟಿನ ಗುಂಡಿಯ ನಿಯಮ

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ನೆನಪುಗಳು. ನಿನ್ನ ಎರಡು ಕಾಗದಗಳೂ ಕೈ ಸೇರಿ ತಿಂಗಳಾಯಿತು. ಕೆಲಸದ ನೆವ ಹೇಳೋಣವೆಂದರೆ ನೀನು ನಂಬುವವನಲ್ಲ. ಆಫೀಸಿನಲ್ಲಿ ಕೂತು ನಕ್ಷೆ ಬಿಡಿಸುವವಳಿಗೆ ತಮ್ಮನಿಗೆ ನಾಲ್ಕು ಸಾಲು ಗೀಚಲೂ ಪುರುಸೊತ್ತಿಲ್ಲ ಅಂದರೆ ಯಾರು ಒಪ್ಪುತ್ತಾರೆ? ಬರೆಯಲು ಮುಖವಿರಲಿಲ್ಲ, ಅಷ್ಟೆ. ಎರಡರಲ್ಲೂ ನೀನು ಕೇಳಿದ್ದು ಒಂದೇ: "ಅಕ್ಕಾ, ನಮ್ಮ ಆಟ ಎಲ್ಲಿಗೆ ಬಂತು?"

ಮೊದಲು ಮನೆಯ ಸುದ್ದಿ. ನಿನ್ನ ಮಗಳು ಚೆನ್ನಾಗಿದ್ದಾಳೆ. ಕಾಲೇಜಿಗೂ ಸರಿಯಾಗಿ ಹೋಗುತ್ತಾಳೆ, ನನ್ನ ಅಡುಗೆಗೆ ಹೆಸರೂ ಇಡುತ್ತಾಳೆ. ಭಾನುವಾರ ಮಾತ್ರ ಏನಾದರೊಂದು ಕೆಲಸ ಹುಡುಕಿಕೊಂಡು ಹೊರಗೆ ಹೋಗಿಬಿಡುತ್ತಾಳೆ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಮೆಟ್ಟಿಲು ಕಂಡರೆ ಅದಕ್ಕೆ ಎಲ್ಲಿಲ್ಲದ ಉತ್ಸಾಹ.

ಆಟ ಬರೆದು ಮುಗಿಸಿದ್ದೇನೆ, ಪುಸ್ತಕವಾಗಿ ಅಚ್ಚೂ ಆಗಿದೆ. ಮೂರು ವರ್ಷ ಹಿಡಿಯಿತು. ಚಿಕ್ಕಂದಿನಲ್ಲಿ ರದ್ದಿ ಅಂಗಡಿಯಿಂದ ನೀನು ಎತ್ತಿಕೊಂಡು ಬಂದ ಆ ನಿಯಮದ ಪುಸ್ತಕಕ್ಕೆ ಅರ್ಧ ಪುಟಗಳೇ ಇರಲಿಲ್ಲ, ನೆನಪಿದೆಯಾ? ಒಬ್ಬರು ಕಥೆ ನಡೆಸಬೇಕು, ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರವಾಗಬೇಕು, ಗೆದ್ದರೋ ಸತ್ತರೋ ಎಂದು ದಾಳ ಹೇಳಬೇಕು. ಅಷ್ಟು ಮಾತ್ರ ತಿಳಿಯುತ್ತಿತ್ತು. ಉಳಿದದ್ದನ್ನೆಲ್ಲ ಹನ್ನೆರಡು ವರ್ಷದ ನೀನು ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದು ತುಂಬಿಸಿದೆ. ನನ್ನ ಹೊಸ ಆಟಕ್ಕೆ ತಳಪಾಯ ಆ ನೋಟ್‌ಬುಕ್ಕೇ.

ಭಾನುವಾರ ಮಧ್ಯಾಹ್ನ ಬೈಂಡಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಾಗದ ಕತ್ತರಿಸುವ ಮೇಜಿನ ಸುತ್ತ ಕೂತು ಆಡಿ ನೋಡುತ್ತಿದ್ದೆವು. ಬೈಂಡರು ಯೋಧ, ಔಷಧಿ ಅಂಗಡಿಯಾಕೆ ಕಳ್ಳಿ, ನಿನ್ನ ಮಗಳು ಹಟ ಮಾಡಿ ನಿನ್ನ ಹಾಗೆ ಮಾಂತ್ರಿಕಳು. ಕಥೆ ನಡೆಸುವವಳು ನಾನು. ಬೈಂಡರು ರಾಕ್ಷಸ ಕಂಡರೆ ಸಾಕು, ದಾಳ ಉರುಳಿಸುವ ಮೊದಲೇ "ಹೊಡ್ದೆ ನೋಡಿ!" ಅಂತ ಕೂಗಿಬಿಡುತ್ತಿದ್ದರು. ಎಷ್ಟೋ ಸಲ ಆ ಹೊಡೆತ ಅವರ ಕಾಲಿಗೇ ಬೀಳುತ್ತಿತ್ತು.

ಇನ್ನು ಹೇಳಲೇಬೇಕಾದ ವಿಷಯ. ನಿನ್ನ ಗುಂಡಿಯ ನಿಯಮವನ್ನು ನಾನು ಕಿತ್ತುಹಾಕಿದೆ. ಅಪ್ಪನ ಹಳೇ ಕೋಟಿನ ಗುಂಡಿ ಯಾರ ಕೈಯಲ್ಲಿದೆಯೋ ಅವರು ಮಾತು ಮುಗಿಸುವ ತನಕ ಉಳಿದವರು ಬಾಯಿ ಬಿಡಬಾರದು, ಅವರ ಮಾತನ್ನು ತಾವು ಮುಗಿಸಿಕೊಡಲೂಬಾರದು. ಮಾತು ತೊದಲುತ್ತಿದ್ದ ನೀನು ಬೇಕೆಂದೇ ಮಾಂತ್ರಿಕನಾಗುತ್ತಿದ್ದೆ. ಮಂತ್ರವನ್ನು ಗಟ್ಟಿಯಾಗಿ ಪೂರ್ತಿ ಹೇಳಿದರೆ ಮಾತ್ರ ಫಲಿಸುತ್ತದೆ ಎಂದು ಬರೆದಿಟ್ಟವನೂ ನೀನೇ. ಬೆಂಕಿಯ ಮಂತ್ರಕ್ಕೆ ಕೆಲವು ದಿನ ಐದು ನಿಮಿಷ ಹಿಡಿಯುತ್ತಿತ್ತು. ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಮಂತ್ರ ಮುಗಿದಾಗ ನಿನ್ನ ಮುಖ ನೋಡುವುದೇ ನನಗೊಂದು ಖುಷಿಯಾಗಿತ್ತು.

ಬೈಂಡರಿಗೆ ಕಾಯುವ ವ್ಯವಧಾನವಿರಲಿಲ್ಲ. "ಮೇಡಂ, ಇದು ಆಟಾನೋ ಸಂತಾಪ ಸಭೆನೋ? ಸ್ವಲ್ಪ ಚುರುಕು ಮಾಡಿ" ಅಂದರು. ನನಗೋ ಹೊಗಳಿಸಿಕೊಳ್ಳುವ ಚಪಲ. ಗುಂಡಿ ಎತ್ತಿಟ್ಟು ಮರಳಿನ ಗಡಿಯಾರ ತಂದೆ: ಮೂವತ್ತು ಸೆಕೆಂಡಿನೊಳಗೆ ಹೇಳದಿದ್ದರೆ ಸರದಿ ಹೋಯಿತು. ನಿನ್ನ ನೋಟ್‌ಬುಕ್ಕಿನಿಂದ ಹುಟ್ಟಿದ ಆಟವನ್ನು ಈಗ ನೀನೇ ಆಡಲಾರೆ. ಪುಸ್ತಕದ ಹೊದಿಕೆಯ ಮೇಲೆ ನನ್ನ ಹೆಸರೊಂದೇ ಇದೆ. ನಿನ್ನದು ಕೊನೆಯ ಪುಟದ ಕೃತಜ್ಞತೆಯಲ್ಲಿ, ಕನ್ನಡಕ ಹಾಕಿಕೊಂಡು ಹುಡುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ಮೊನ್ನೆ ಬೈಂಡಿಂಗ್ ಅಂಗಡಿಗೆ ಹೋಗಿ ಪುಸ್ತಕದ ಕೆಲಸ ನಿಲ್ಲಿಸಿ ಬಂದೆ. ಇನ್ನೂರು ಪ್ರತಿಗಳ ಹಾಳೆ ಮಡಚಿಟ್ಟಿದ್ದರು, ಹೊಲಿಗೆಯಷ್ಟೇ ಬಾಕಿ. ಬೈಂಡರು ತಲೆ ಚಚ್ಚಿಕೊಂಡರು.

"ಮೂರು ವರ್ಷ ಆಡಿ ನೋಡಿದ್ದು ಸಾಲ್ದಾ? ಈಗೇನ್ ತಪ್ಪು ಕಾಣಿಸ್ತು?"

"ಒಂದು ಪುಟ, ಒಂದು ಹೊದಿಕೆ ಬದಲಾಗ್ಬೇಕು" ಅಂದೆ.

ಗುಂಡಿಯ ನಿಯಮವನ್ನು ನೀನು ಬರೆದ ಮಾತಿನಲ್ಲೇ ಮತ್ತೆ ಹಾಕುತ್ತೇನೆ. ಹೊದಿಕೆಯ ಮೇಲೆ ನಿನ್ನ ಹೆಸರು ಮೊದಲು, ಆಮೇಲೆ ನನ್ನದು. ನಿನ್ನ ಒಪ್ಪಿಗೆ ಬೇಕು. ಯೋಚಿಸಿ ಬರೆ, ಅಲ್ಲಿಯ ತನಕ ಹಾಳೆಗಳು ಹಾಗೇ ಇರುತ್ತವೆ.

ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಇಬ್ಬರೂ ತಣ್ಣಗಿರಿ, ನಗುನಗುತ್ತಾ ಇರಿ ಎಂದು ಹಾರೈಸುವ,

ನಿನ್ನ
ಅಕ್ಕ

ತಾ.ಕ. ಲಕೋಟೆಗೆ ಹಾಕಿದ್ದನ್ನು ಮತ್ತೆ ಹೊರಗೆ ತೆಗೆದಿದ್ದೇನೆ. ಪುಟದ ಮಾತು, ಹೆಸರಿನ ಮಾತು ಎಲ್ಲ ನನ್ನ ಸುತ್ತುದಾರಿ. ಗುಂಡಿ ಎತ್ತಿಟ್ಟ ದಿನ ಔಷಧಿ ಅಂಗಡಿಯಾಕೆ, "ಇಂಥ ನಿಯಮ ಯಾಕಾದ್ರೂ ಮಾಡ್ಕೊಂಡಿದ್ರಿ?" ಎಂದು ಕೇಳಿದಳು. ಬಾಯಲ್ಲಿ ಹೇಳಬಹುದಿತ್ತು. ನಾನು ಎದ್ದು ನಿಂತು, ಕತ್ತು ಸೆಟೆಸಿ, ಕಣ್ಣು ಮುಚ್ಚಿ, ನೀನು ಬೆಂಕಿಯ ಮಂತ್ರ ಹೇಳುತ್ತಿದ್ದ ಹಾಗೆ "ಬೆ... ಬೆ... ಬೆ..." ಎಂದು ಮಾಡಿ ತೋರಿಸಿದೆ. ಬೈಂಡರು ಮೇಜು ಗುದ್ದಿ ನಕ್ಕರು. ಅವರು ನಕ್ಕರೆಂದು ಇನ್ನೊಮ್ಮೆ ಮಾಡಿದೆ.

ನಿನ್ನ ಮಗಳು ದಾಳ ಹಿಡಿದುಕೊಂಡೇ ಕೂತಿದ್ದಳು. ಅವಳ ಸರದಿ ಬಂತು. ಮರಳು ಪೂರ್ತಿ ಇಳಿಯಿತು, ಅವಳು ಒಂದು ಮಾತೂ ಆಡಲಿಲ್ಲ. ಮನೆಗೆ ನಡೆದು ಬರುವಾಗ ಒಂದೇ ಸಲ ಬಾಯಿ ಬಿಟ್ಟಳು.

"ಅತ್ತೆ, ಚಿಕ್ಕೋನಿದ್ದಾಗ ಎಲ್ರೂ ಅಣಕಿಸ್ತಿದ್ರು, ನಿಮ್ಮತ್ತೆ ಒಬ್ಳೇ ಯಾವತ್ತೂ ಅಣಕಿಸ್ಲಿಲ್ಲ ಅಂತ ಅಪ್ಪ ಈಗ್ಲೂ ಹೇಳ್ತಾರೆ. ನಾನು ಅವ್ರಿಗೆ ಏನೂ ಹೇಳಲ್ಲ, ಬಿಡಿ."

ಅವಳು ಹೇಳಿರಲಾರಳು. ಆ ಭಾರವನ್ನು ಆ ಮಗುವಿನ ತಲೆಗೆ ಕಟ್ಟಿ ಎರಡು ತಿಂಗಳು ಸುಮ್ಮನಿದ್ದೆ. ಇವತ್ತು ನಾನೇ ಹೇಳಿದ್ದೇನೆ, ತಮ್ಮಾ.