ಬೊಟ್ಟು ಮಾಡಿದವನೇ ಗೆಲ್ಲುವ ಸಿನಿಮಾ

ಪ್ರಿಯ ಎಲ್ಡನ್,

ಇತಿಹಾಸಕಾರರು ಬರೆದಿಡಬೇಕಾದ ವಾರ್ತೆ: ನಮ್ಮೂರ ಟಾಕೀಸು ನಿನ್ನೆಯಿಂದ ಪಾಪ್‌ಕಾರ್ನ್‌ಗೆ ಅಸಲಿ ಬೆಣ್ಣೆ ಹಾಕುತ್ತಿದೆ. ಸಿನಿಮಾ ಮಾತ್ರ ಅದೇ ಹಳೆಯದು, ಅನ್ಯಗ್ರಹದವರು ನೆರೆಹೊರೆಯವರ ರೂಪದಲ್ಲಿ ಬಂದು ಸೇರಿಕೊಳ್ಳುವುದು.

"ಇನ್ನೂ ಎಷ್ಟು ಸಲ ನೋಡ್ತೀಯಾ ತಾತ? ಯಾರು ನಕಲಿ ಅಂತ ಬಾಯಿಪಾಠ ಆಗಿದೆಯಲ್ಲ," ಎಂದಳು ಮೊಮ್ಮಗಳು ಡಾರ್ಲಾ.

"ಅದಕ್ಕೇ ಕಣೇ ನೋಡೋದು. ಇದರಲ್ಲಿ 'ಇವನೇ ನಕಲಿ' ಅಂತ ಬೊಟ್ಟು ಮಾಡಿದವನ ಮಾತು ಸುಳ್ಳಾಗಲ್ಲ."

ಅಮೆರಿಕವೆಲ್ಲ ಕಮ್ಯುನಿಸ್ಟರನ್ನು ಹುಡುಕಿ ಹೊರದಬ್ಬುತ್ತಿದ್ದ ಐವತ್ಮೂರರಲ್ಲಿ, ಶಾಲಾ ಮಂಡಳಿಯವರು ನಮ್ಮ ಶಾಲೆಯ ಮೇಷ್ಟ್ರುಗಳಲ್ಲಿ ಕಮ್ಯುನಿಸ್ಟ್ ಯಾರೆಂದು ನನ್ನನ್ನು ಕೇಳಿದಾಗ, ಬಾವುಟಕ್ಕೆ ವಂದಿಸುವಾಗ ನಿನ್ನ ಕೈ ಎದೆಗೇರಲಿಲ್ಲ ಎಂದೆ ನಾನು. ಯುದ್ಧದಲ್ಲಿ ಗುಂಡು ಹೊಕ್ಕ ಆ ತೋಳು ಮೇಲೇಳುವುದಿಲ್ಲ ಎನ್ನಲಿಲ್ಲ. ನೀನೂ ಹೇಳಲಿಲ್ಲ. ವಾರದಲ್ಲಿ ನಿನ್ನ ಕೆಲಸ ಹೋಯಿತು, ನೀನು ಊರು ಬಿಟ್ಟೆ.

ಒಂದು ಉಪಕಾರ ಮಾಡು. ಎಲ್ಲಿಗೆ ಹೋದೆಯೆಂದು ಒಂದು ಕಾರ್ಡು ಬರೆ. ಲಕೋಟೆಯ ಮೇಲೆ ನಿನ್ನ ಹೆಸರು ಬರೆದಾಗಿದೆ, ಕೆಳಗೆ ವಿಳಾಸ ಏನು ಬರೆಯಲೆಂದು ಗೊತ್ತಿಲ್ಲ.